ಕಂಬಳಿ ಕಚ್ಚಿದವರು

ಮಳೆಯಲ್ಲಿ ನೆನೆದ ಕಂಬಳಿಗೆ ಒಂದು ವಾಸನೆ ಇರುತ್ತದೆ. ಕುರಿಹಟ್ಟಿಯ ಗೊಬ್ಬರ, ಒಲೆಯ ಹೊಗೆ, ಹುಳಿ ಬಂದ ಗಂಜಿ, ಇವೆಲ್ಲದರ ಅಡಿಯಲ್ಲಿ ಯಾವುದೋ ಪ್ರಾಣಿ ಇನ್ನೂ ಉಸಿರಾಡುತ್ತಿದೆಯೇನೋ ಅನ್ನಿಸುವ ಬೆಚ್ಚನೆಯ ನಾತ. ಹೋದ ಮಳೆಗಾಲದಲ್ಲಿ ಮೊಳಕಾಲ್ಮೂರಿನ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದವಳು ಬಸ್ಸಿನಲ್ಲಿ ಚಳ್ಳಕೆರೆಗೆ ವಾಪಸಾಗುತ್ತಿದ್ದೆ. ಯಾವುದೋ ಹಳ್ಳಿಯ ಗೇಟಿನಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡ ಮುದುಕನೊಬ್ಬ ಹತ್ತಿ ನನ್ನ ಪಕ್ಕ ಕೂತ. ಕೊಪ್ಪೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡ. ಅದರ ಅಂಚು ನನ್ನ ತೋಳಿಗೆ ತಾಗಿತು. ಅಷ್ಟೇ. ತುರಿಕೆ ಮೊಣಕೈಯಿಂದ ಕತ್ತಿಗೆ ಏರಿತು. ನಾನು, ಎಲ್ಲದಕ್ಕೂ ಪುರಾವೆ ಕೇಳುವವಳು, ಮತ್ತೆ ಚಿಕ್ಕಂದಿನ ಮನೆಯ ಪಡಸಾಲೆಯ ನೆಲದ ಮೇಲೆ ಕೂತಿದ್ದೆ.

ಮುಂದೆ ಹೇಳುವ ಮೊದಲು ಒಂದು ಮಾತು. ಚಿತ್ರದುರ್ಗದಲ್ಲಿ ಒಬ್ಬರು ಆಪ್ತಸಮಾಲೋಚಕಿ ಇದ್ದಾರೆ, ವಾರಕ್ಕೊಮ್ಮೆ ಅವರ ಹತ್ತಿರ ಹೋಗುತ್ತೇನೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರೋ ಸ್ಟೀಲ್ ಲೋಟ ಬೀಳಿಸಿದ್ದಕ್ಕೆ ನಾನು ಅಳತೊಡಗಿ, ನಿಲ್ಲಿಸಲು ಆಗದೆ ಹೋದ ಮೇಲೆ ಶುರುವಾದ ಓಡಾಟ ಇದು. ಮೂಗು ಮುರಿಯಬೇಡಿ, ನಾನೂ ಮುರಿದವಳೇ. "ನೀವು ಅತಿಸೂಕ್ಷ್ಮ ಸಂವೇದನೆಯವರು. ಇದು ಕಾಯಿಲೆ ಅಲ್ಲ" ಅಂದರು ಅವರು. "ಕಾಯಿಲೆ ಅಲ್ಲ ಅಂದ್ರೆ ನಾನು ಇಲ್ಲಿ ಬಂದು ಕೂತಿರೋದು ಯಾಕೆ ಮೇಡಂ?" ಅಂದೆ. ನಕ್ಕರು. ಸದ್ದು ಸಹಿಸಲಾರಿರಿ, ಕಟು ವಾಸನೆ ಸಹಿಸಲಾರಿರಿ, ಬೇರೆಯವರ ಮುಖ ಬಾಡಿದರೆ ನಿಮ್ಮ ಮನಸ್ಸೂ ಬಾಡುತ್ತದೆ ಅಂತ ಒಂದೊಂದಾಗಿ ಹೇಳಿದರು. ಇದು ಗಿಣಿಶಾಸ್ತ್ರದವನ ಚೀಟಿಯ ಹಾಗೆ, ಯಾರಿಗೆ ಎತ್ತಿಕೊಟ್ಟರೂ ಹೊಂದುತ್ತದೆ, ಎಲ್ಲರಿಗೂ ಹೊಂದುವ ಮಾತು ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ ಅಂತ ನಾನು ವಾದಿಸಿದೆ. ಆ ವಾದ ಈಗಲೂ ಸರಿ ಅಂತಲೇ ನನ್ನ ನಂಬಿಕೆ. ಅವರು ಜಗಳಕ್ಕೆ ಬರಲಿಲ್ಲ. "ಸರಿ, ಆ ಪದ ಬಿಟ್ಟುಬಿಡೋಣ. ಚಿಕ್ಕಂದಿನಲ್ಲಿ ನಿಮಗೆ ನೋವಾಗ್ತಿದೆ ಅಂದಾಗ ಅದನ್ನ ನಂಬಿದವರು ಯಾರು?" ಅಂದರು. ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಮನಸ್ಸಿನಲ್ಲೇ ಎಣಿಸುತ್ತ ಹೋದೆ. ಚರ್ಚೆಯ ವೇದಿಕೆಯಲ್ಲಾಗಿದ್ದರೆ ಗಂಟೆ ಹೊಡೆದು ನನ್ನನ್ನು ಕೆಳಗಿಳಿಸುತ್ತಿದ್ದರು.

ಚಳ್ಳಕೆರೆಯ ಹಳೇ ಪೇಟೆಯಲ್ಲಿ ನಮ್ಮ ಮನೆ ಇತ್ತು. ಮುಂದೆ ಕಂಬಳಿ ಅಂಗಡಿ, ಹಿಂದೆ ನಾವು. ತಾತನ ಕಾಲದ ವ್ಯಾಪಾರವನ್ನು ದೊಡ್ಡಪ್ಪ ನಡೆಸುತ್ತಿದ್ದರು. ದೊಡ್ಡಉಳ್ಳಾರ್ತಿ ಕಡೆಯಿಂದ ನೇಯುವವರು ಹೊಸ ಕಂಬಳಿಗಳನ್ನು ಹೊತ್ತು ತರುತ್ತಿದ್ದರು. ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿದ ಕಂಬಳಿ ಹಲಗೆಯ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಕೊಡವಿದರೆ ಕಪ್ಪು ಉಣ್ಣೆಯ ಸಣ್ಣ ಎಳೆಗಳು ಬಿಸಿಲುಕೋಲಿನಲ್ಲಿ ತೇಲಿ ಬಂದು ಅನ್ನದ ಮೇಲೆ, ದಿಂಬಿನ ಮೇಲೆ, ನಮ್ಮ ರೆಪ್ಪೆಯ ಮೇಲೆ ಕೂರುತ್ತಿದ್ದವು. ಹಿಂದಿನ ಬೀದಿಯಲ್ಲಿ ಶೇಂಗಾ ಒಡೆಯುವ ಮಿಲ್ಲು ಬೆಳಗಿನಿಂದ ಗಡಗಡ ಅನ್ನುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಎಲ್ಲರೂ ಕೂಗುತ್ತಿದ್ದರು. ಉಪ್ಪು ಕೇಳುವುದೂ ಕೂಗಿ, ದೇವರನ್ನು ಬೇಡುವುದೂ ಕೂಗಿ. ಸಂತೆಯ ದಿನ ಗಿರಾಕಿಗಳು ಕಂಬಳಿಯನ್ನು ಕೆನ್ನೆಗೆ ಉಜ್ಜಿ, "ಚುಚ್ತೈತಲ್ರೀ ಸಾವ್ಕಾರ್ರೆ" ಅಂದರೆ ದೊಡ್ಡಪ್ಪ ತೊಡೆ ತಟ್ಟಿ ನಗುತ್ತಿದ್ದರು. "ಚುಚ್ಚದಿದ್ರೆ ಅದು ಕಂಬಳಿ ಅಲ್ರೀ, ಕರವಸ್ತ್ರ! ಚುಚ್ಚಿದ್ರೇನೇ ಅಸಲಿ ಮಾಲು."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಯಾಕೆಂದರೆ ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದರೆ ನಿಯಮ ಬೇರೆ ಇತ್ತು. ದೇವರ ಮನೆಯ ಪಕ್ಕದ ಗೂಟದಲ್ಲಿ ಒಂದು ಹಳೇ ಕರಿ ಕಂಬಳಿ ತೂಗುತ್ತಿತ್ತು. ಅದು ಗದ್ದುಗೆ ಕಂಬಳಿ. ಹಿಂದೆ ವ್ಯಾಪಾರಸ್ಥರ ವ್ಯಾಜ್ಯ ಬಂದಾಗ ತಾತ ಅದನ್ನು ಹಾಸಿ ಇಬ್ಬರನ್ನೂ ಕೂರಿಸಿ ನಿಜ ಹೇಳಿಸುತ್ತಿದ್ದರಂತೆ. ಆ ಕಂಬಳಿಯ ಮೇಲೆ ಕೂತು ಸುಳ್ಳು ಹೇಳಿದವರನ್ನು ಅದು ಕಚ್ಚುತ್ತದೆ, ನಿಜ ಹೇಳಿದವರಿಗೆ ತಾಯಿಯ ಮಡಿಲಿನಷ್ಟು ಮೆತ್ತಗಿರುತ್ತದೆ ಅನ್ನುವುದು ನಮ್ಮ ಮನೆಯ ನಂಬಿಕೆ. ವ್ಯಾಜ್ಯಗಳು ಕೋರ್ಟಿಗೆ ಹೋದ ಮೇಲೆ ಕಂಬಳಿಗೆ ಉಳಿದದ್ದು ನಾವು, ಮಕ್ಕಳು. ತೀರ್ಪು ಕೊಡುವ ಅಧಿಕಾರ ಅಜ್ಜಿಯದು.

ಹಬ್ಬವೊಂದರಲ್ಲಿ ಎಡೆಗೆ ಎತ್ತಿಟ್ಟ ಹೋಳಿಗೆಯನ್ನು ಯಾರೋ ತಿಂದಿದ್ದರು. ನನ್ನನ್ನೂ ದೊಡ್ಡಪ್ಪನ ಮಗ ಬಸವರಾಜನನ್ನೂ ಕಂಬಳಿಯ ಮೇಲೆ ಕೂರಿಸಿದರು. ಅಂಚೆಲ್ಲ ಸವೆದು ಮುಳ್ಳುಮುಳ್ಳಾದ ಹಳೇ ಉಣ್ಣೆ. ಲಂಗದ ಕೆಳಗೆ ನನ್ನ ಬರಿಗಾಲು. "ನಾನು ತಿಂದಿಲ್ಲ" ಅಂದೆ. ತಿಂದಿರಲಿಲ್ಲ. ಆದರೆ ಹೇಳುವಾಗಲೇ ಮೀನಖಂಡದಲ್ಲಿ ಸಾವಿರ ಇರುವೆ ಹರಿದಂತಾಗಿ ಕೆರೆದುಕೊಂಡೆ. ಬಸವರಾಜ ಕಲ್ಲಿನ ಬಸವಣ್ಣನ ಹಾಗೆ ಕೂತಿದ್ದ, ಅವನ ತುಟಿಯ ಅಂಚಿನಲ್ಲಿ ತುಪ್ಪ ಇನ್ನೂ ಹೊಳೆಯುತ್ತಿತ್ತು. "ಸಿಕ್ಕಾಕ್ಕಂಡ್ಲು! ತುರಿಕೆ ಸಿಕ್ಕಾಕ್ಕಂಡ್ಲು!" ಅಂತ ಅವನೇ ಮೊದಲು ಕೂಗಿದ್ದು. ನಾನು ದೊಡ್ಡಪ್ಪನ ಕಡೆ ತಿರುಗಿ, "ಅಂಗಡೀಲಿ ನೀವೇ ಹೇಳ್ತೀರಲ್ಲ, ಕಂಬಳಿ ಎಲ್ರಿಗೂ ಚುಚ್ತೈತೆ ಅಂತ" ಅಂದೆ. ನನ್ನ ಜೀವನದ ಮೊದಲ ವಾದ ಅದು, ಒಳ್ಳೆಯ ವಾದ. ದೊಡ್ಡಪ್ಪ, "ಅದು ಮಾರೋ ಕಂಬಳಿ ಕಣೇ. ಇದು ಗದ್ದುಗೆ ಕಂಬಳಿ" ಅಂದರು. ಎಲ್ಲರೂ ನಕ್ಕರು. ನನ್ನ ಅವ್ವ ನಗಲಿಲ್ಲ, ಎಡೆಯ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಆ ಸಂಜೆ ಬಚ್ಚಲಮನೆಯಲ್ಲಿ ಅಜ್ಜಿ ನನ್ನ ಕಾಲಿಗೆ ಹರಳೆಣ್ಣೆ ಹಚ್ಚಿದಳು. ಅವಳ ತವರು ಆಂಧ್ರದ ಗಡಿಯ ದೇವಸಮುದ್ರದ ಕಡೆ. ಕೋಪ ಬಂದರೂ ಪ್ರೀತಿ ಬಂದರೂ ತೆಲುಗು ನುಗ್ಗಿ ಬರುತ್ತಿತ್ತು. "ಗೋಕ್ಕೋಕು, ಗೋಕ್ಕೋಕು" ಅಂತ ನನ್ನ ಕೈ ಹಿಡಿದು ತಡೆಯುತ್ತಿದ್ದಳು, ಕೆರಕೋಬೇಡ ಅಂತ. ಅವಳ ಬೆರಳು ದದ್ದುಗಳ ಮೇಲೆ ಎಷ್ಟು ಹಗುರವಾಗಿ ಓಡುತ್ತಿತ್ತೆಂದರೆ, ಯಾವ ಜಾಗ ಎಷ್ಟು ಉರಿಯುತ್ತಿದೆ ಅನ್ನುವುದು ನನಗಿಂತ ಮೊದಲು ಅವಳಿಗೆ ತಿಳಿದಂತಿತ್ತು. "ಅಜ್ಜಿ, ನಾನು ಸುಳ್ಳು ಹೇಳಿಲ್ಲ" ಅಂತ ಬಿಕ್ಕಿದೆ. ಅವಳು ಸಿಟ್ಟಾಗಲಿಲ್ಲ. "ಯಾವ ಸುಳ್ಳು ಹೇಳಿದೀವಿ ಅಂತ ನಮಗೆ ಗೊತ್ತಿರಲ್ಲ ಕಣವ್ವ. ಕಂಬಳಿಗೆ ಗೊತ್ತಿರ್ತೈತೆ. ಕಚ್ಚಿದ್ರೂ ಕಚ್ಚಿಲ್ಲ ಅನ್ನಂಗೆ ಕೂತ್ಕಳದು ಕಲಿ" ಅಂದಳು.

ಕಲಿಯಲಿಲ್ಲ. ಅದರ ಫಲವೂ ಸಿಕ್ಕಿತು. ಒಂದು ಬೇಸಿಗೆಯಲ್ಲಿ ಮಿಲ್ಲಿನ ಸದ್ದು ನನ್ನ ಎಡಗಿವಿಯಲ್ಲಿ ಮೊಳೆ ಹೊಡೆದಂತೆ ನೋಯತೊಡಗಿತು. ಹೇಳಿದೆ. "ಇವಳಿಗೆ ಗಾಳಿ ಬೀಸಿದ್ರೂ ನೋಯ್ತೈತೆ" ಅಂದರು. ಬಸವರಾಜ, "ಕಂಬಳಿ ತರ್ಲಾ?" ಅಂದ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರತಿವಾದ ಇರಲಿಲ್ಲ; ನಾನು ಕಿವಿಗೆ ಹತ್ತಿ ತುರುಕಿಕೊಂಡೆ. ಕಿವಿ ಸೋರಿ, ದಿಂಬು ಕೊಳೆತು ನಾರಿದ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇವತ್ತಿಗೂ ಎಡಗಿವಿ ಮಂದ. ಲೋಕದ ಸದ್ದೆಲ್ಲ ಅತಿಯಾಗಿ ಕೇಳುತ್ತದೆ ಅಂತ ಸಮಾಲೋಚಕಿಯ ಮುಂದೆ ಕೂರುವವಳು, ಅವರ ಮಾತು ಕೇಳಿಸಿಕೊಳ್ಳಲು ಬಲಗಿವಿಯನ್ನು ಅವರ ಕಡೆ ತಿರುಗಿಸಿ ಕೂರಬೇಕು. ನಾನು ಚರ್ಚಾಸ್ಪರ್ಧೆಗೆ ಸೇರಿದ್ದು ಮಾತಿನ ಪ್ರೀತಿಯಿಂದ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ವೇದಿಕೆಯ ಮೇಲೆ ಯಾರೂ ಮೈಯನ್ನು ಸಾಕ್ಷಿಗೆ ಕರೆಯುವುದಿಲ್ಲ, ಅದಕ್ಕೆ.

ಅಜ್ಜಿಯ ಬಗ್ಗೆ ನಾನು ನೋಡಿಯೂ ನೋಡದೆ ಬಿಟ್ಟ ಕೆಲವು ಸಂಗತಿಗಳು ಈಗ ಎದ್ದು ಬರುತ್ತವೆ. ಕಂಬಳಿ ಮಾರುವ ಮನೆಯ ಹಿರಿಯಳು ಎಂದೂ ಕಂಬಳಿ ಹೊದೆಯಲಿಲ್ಲ. ಹಳೇ ಸೀರೆಗಳನ್ನು ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾದ ಮೇಲೆ ಹೊಲಿಸಿದ ಕೌದಿ ಅವಳದು. ಯಾರಾದರೂ ಕೇಳಿದರೆ "ಸೊಂಟ ನೋವು" ಅನ್ನುತ್ತಿದ್ದಳು, ಸೊಂಟಕ್ಕೂ ಕಂಬಳಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ಮನೆಯಲ್ಲಿ ರವಿಕೆಯನ್ನು ತಿರುವಿ ತೊಡುತ್ತಿದ್ದಳು, ಹೊಲಿಗೆ ಹೊರಗೆ, ನಯ ಒಳಗೆ. "ಅಜ್ಜಿಗೆ ಮರೆವು" ಅಂತ ನಾವು ನಗುತ್ತಿದ್ದೆವು. ಮಿಲ್ಲು ನಿಂತ ಮಧ್ಯಾಹ್ನಗಳಲ್ಲಿ ಹಿತ್ತಲ ಬಾಗಿಲಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು, ಮುಖ ಆಗತಾನೇ ತೊಳೆದಂತೆ ಕಾಣುತ್ತಿತ್ತು. ನಾನು ಹೋಗಿ ಪಕ್ಕ ಕೂತರೆ ಓಡಿಸುತ್ತಿರಲಿಲ್ಲ. ನಾವಿಬ್ಬರೂ ಆ ನಿಶ್ಶಬ್ದವನ್ನು ಬೆಲ್ಲದ ಹಾಗೆ ಚೀಪುತ್ತಿದ್ದೆವು. ಇಡೀ ಬಾಲ್ಯದಲ್ಲಿ ನನಗೆ ಯಾವ ಪುರಾವೆಯನ್ನೂ ಕೇಳದೆ ಸಿಕ್ಕ ಸುಖ ಅದೊಂದೇ.

ಅವಳು ಹೋಗುವ ದಿನ ನಾನು ಅಲ್ಲಿದ್ದೆ. ಇನ್ನು ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಜೀವ ಮಂಚದ ಮೇಲೆ ಹೋಗಬಾರದು ಅಂತ ಬೆಳಿಗ್ಗೆಯೇ ಪಡಸಾಲೆಯಲ್ಲಿ ಇಳಿಸಿ ಮಲಗಿಸಿದ್ದರು, ಗದ್ದುಗೆ ಕಂಬಳಿಯ ಮೇಲೆ. ನಾನು ಪಕ್ಕ ಕೂತಾಗ ಅವಳ ತೋಳಿನ ತೆಳು ಚರ್ಮ ಕೆಂಪಾಗಿ ಉಬ್ಬಿರುವುದು ಕಂಡಿತು. ಬೆರಳುಗಳು ಅದರ ಹತ್ತಿರ ಹೋಗಿ, ನಿಂತು, ವಾಪಸು ಬರುತ್ತಿದ್ದವು.

"ಇದನ್ನ ತೆಗೀರಿ. ಕೌದಿ ಹಾಸ್ರಿ" ಅಂದೆ.

"ಏನ್ ಮಾತು ಅಂತ ಆಡ್ತೀಯೇ?" ಅಂದರು ದೊಡ್ಡಪ್ಪ. "ನಮ್ಮಪ್ಪ ಇದರ ಮ್ಯಾಲೆ ಹೋದ. ನಮ್ಮಜ್ಜ ಇದರ ಮ್ಯಾಲೆ ಹೋದ. ಅವ್ವನ್ನ ಚಿಂದಿ ಮ್ಯಾಲೆ ಮಲಗಿಸಿ ಕಳಿಸ್ಲಾ?"

ನಾನು ತೋಳು ತೋರಿಸಿದೆ. ದದ್ದು ತೋರಿಸಿದೆ. ರವಿಕೆ, ಕೌದಿ, ಎಲ್ಲವನ್ನೂ ಒಂದಾದ ಮೇಲೊಂದು ಮಂಡಿಸಿದೆ. ಅಷ್ಟು ಚೆನ್ನಾಗಿ ನಾನು ಎಲ್ಲೂ ವಾದಿಸಿಲ್ಲ. ಬಸವರಾಜ, ಈಗ ಎರಡು ಮಕ್ಕಳ ತಂದೆ, ಗೋಡೆಗೆ ಒರಗಿಕೊಂಡೇ ಹೇಳಿದ: "ಇದು ನಿನ್ನ ಕಾಲೇಜಲ್ಲ ಕಣೇ. ಟೈಮ್ ಆತು, ಗಂಟೆ ಹೊಡೀಲಾ?"

ದೊಡ್ಡಪ್ಪ ಕೈ ಎತ್ತಿದರು. "ಸಾಕು. ಅವ್ವಗೆ ಇನ್ನೂ ಪ್ರಜ್ಞೆ ಐತೆ. ಅವಳನ್ನೇ ಕೇಳು. ಹೂಂ ಅಂದ್ರೆ ನಾನೇ ತೆಗೀತೀನಿ."

ಗೆದ್ದೆ ಅಂದುಕೊಂಡೆ. ಬಾಗಿ ಅವಳ ಕಿವಿಯ ಹತ್ತಿರ, "ಅಜ್ಜಿ, ಕಂಬಳಿ ಕಚ್ತೈತಾ?" ಅಂದೆ.

ಅವಳು ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಆಮೇಲೆ ನಿಧಾನವಾಗಿ ಸುತ್ತ ನಿಂತ ಮುಖಗಳನ್ನು, ಮಗನನ್ನು, ಸೊಸೆಯರನ್ನು, ಮೊಮ್ಮಕ್ಕಳನ್ನು ಒಂದೊಂದಾಗಿ ನೋಡಿದಳು. ತೋಳಿನ ಮೇಲಿದ್ದ ಕೈಯನ್ನು ಎಳೆದುಕೊಂಡು ಸೆರಗಿನ ಒಳಗೆ ಇಟ್ಟುಕೊಂಡಳು.

"ಇಲ್ಲವ್ವ. ಏನೂ ಕಚ್ಚಲ್ಲ."

"ಕೇಳಿದ್ಯಾ?" ಅಂದರು ದೊಡ್ಡಪ್ಪ. ಅವರ ಕಣ್ಣಲ್ಲಿ ನೀರಿತ್ತು. ತಾಯಿಯ ಬಗ್ಗೆ ಅವರಿಗೆ ಅಷ್ಟು ಹೆಮ್ಮೆ. ಆ ಕಂಬಳಿಯ ಮೇಲೆ ನನಗೆ ಗೊತ್ತಿದ್ದಂತೆ ಅಜ್ಜಿ ಹೇಳಿದ ಒಂದೇ ಸುಳ್ಳು ಅದು, ಅದನ್ನು ಎಲ್ಲರೂ ನಂಬಿದರು. ಮಧ್ಯಾಹ್ನ ಮಿಲ್ಲು ನಿಲ್ಲುವ ಹೊತ್ತಿಗೆ ಅವಳು ಹೋದಳು.

ಹೆಣಕ್ಕೆ ಸ್ನಾನ ಮಾಡಿಸುವಾಗ ಅತ್ತೆ, ಅಜ್ಜಿಯ ಒಬ್ಬಳೇ ಮಗಳು, ನನ್ನ ಬಲಗಿವಿಗೆ ಮಾತ್ರ ಕೇಳುವಂತೆ ಹೇಳಿದರು. ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಬೆಣ್ಣೆ ಗಡಿಗೆ ಬರಿದಾಗಿತ್ತಂತೆ. ಅಜ್ಜಿಗೆ ಅತ್ತೆಯಾದವಳು ಹೊಸ ಸೊಸೆಯನ್ನು ಕಂಬಳಿಯ ಮೇಲೆ ಕೂರಿಸಿದಳಂತೆ. ಸೊಸೆ ಕೆರೆದುಕೊಂಡಳು. "ಬೆಕ್ಕು ತಿಂದಿತ್ತು ಅಂತ ಆಮೇಲೆ ಗೊತ್ತಾತು. ಆದ್ರೂ ಅವ್ವ ಸಾಯೋಗಂಟ ಅನ್ನೋಳು, ಬೆಣ್ಣೆ ನಾನು ತಿಂದಿಲ್ಲ, ಮತ್ತೆ ಏನು ತಪ್ಪು ಮಾಡಿದ್ನೋ ಕಂಬಳಿ ಕಚ್ತು ಅಂತ." ತನ್ನ ಮೈ ಹೇಳಿದ್ದನ್ನು ಅವಳೇ ನಂಬಿರಲಿಲ್ಲ. ಕಂಬಳಿಯನ್ನು ನಂಬಿದ್ದಳು. ನನ್ನನ್ನು ಅದರ ಮೇಲೆ ಕೂರಿಸಿದ್ದು ದ್ವೇಷದಿಂದ ಅಲ್ಲ, ತನ್ನ ಹಾಗೆ ಸಿಕ್ಕಿಬೀಳದಿರಲಿ ಅಂತ ತಾಲೀಮು ಕೊಡಲು. ಕ್ಷಮಿಸಬಹುದಲ್ಲ ಅಂತ ಸಮಾಲೋಚಕಿ ಕೇಳುತ್ತಾರೆ. ಅವಳನ್ನು ಯಾವಾಗಲೋ ಕ್ಷಮಿಸಿಯಾಯಿತು. ಕಂಬಳಿಯನ್ನು ಹೇಗೆ ಕ್ಷಮಿಸುವುದು, ಅದಿನ್ನೂ ಗೊತ್ತಾಗಿಲ್ಲ.

ಅತ್ತೆ ಕೊನೆಯದಾಗಿ ರವಿಕೆ ತೊಡಿಸಿದರು, ಹೊಲಿಗೆ ಹೊರಗೆ, ನಯ ಒಳಗೆ. ದೊಡ್ಡಪ್ಪ ನೋಡಿ, "ತಿರುವಿ ಹಾಕಿದೀಯಲ್ಲೇ, ಜನ ಏನಂತಾರೆ?" ಅಂದರು. "ಇರ್ಲಿ ಬಿಡಣ್ಣ. ಅವ್ವ ಹಂಗೇ ಹಾಕ್ಕಂತಿದ್ದಿದ್ದು" ಅಂದರು ಅತ್ತೆ, ಗುಂಡಿ ಹಾಕುತ್ತ. ಯಾರು ನಂಬಿದ್ದರು ಅನ್ನುವ ಸಮಾಲೋಚಕಿಯ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಆ ಒಂದು ರವಿಕೆ ಮಾತ್ರ, ಅದೂ ತೊಟ್ಟವಳಿಗೆ ತಿಳಿಯದ ಹೊತ್ತಿನಲ್ಲಿ.

ನಮ್ಮಲ್ಲಿ ಸುಡುವುದಿಲ್ಲ. ಕೂರಿಸಿ ಮಣ್ಣು ಮಾಡುತ್ತಾರೆ. ಗುಣಿಯೊಳಗೆ ಗದ್ದುಗೆ ಕಂಬಳಿಯನ್ನು ಮಡಿಸಿ ಹಾಸಿದರು, ಅವಳಿಗೆ ಮಾಡಿದ ದೊಡ್ಡ ಗೌರವ ಅದು ಅಂತ ಊರೆಲ್ಲ ಹೇಳಿತು. ಆಮೇಲೆ ಯಂತ್ರದಲ್ಲಿ ನೇಯ್ದ ರಗ್ಗುಗಳು ಬಂದು ಅಂಗಡಿ ಮುಚ್ಚಿತು, ಪಾಲಾಗಿ ಮನೆ ಒಡೆದರು, ಪಡಸಾಲೆ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಉಳಿದದ್ದು ಇಷ್ಟೇ: ಮಣ್ಣಿನ ಕೆಳಗೆ, ಕತ್ತಲಲ್ಲಿ, ನನ್ನಜ್ಜಿ ಇನ್ನೂ ಅದರ ಮೇಲೆ ಕೂತಿದ್ದಾಳೆ, ಬೆನ್ನು ನೆಟ್ಟಗೆ ಮಾಡಿಕೊಂಡು.

ಚಳ್ಳಕೆರೆ ಹತ್ತಿರವಾದಂತೆ ಮುದುಕ ಎದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು ಇಳಿದುಹೋದ. ವಾಸನೆ ಸೀಟಿನಲ್ಲಿ ಉಳಿಯಿತು. ನನ್ನ ತೋಳಿನ ಮೇಲೆ ಕೆಂಪು ಗೆರೆ ಎದ್ದಿತ್ತು. ಎದುರು ಸೀಟಿನ ಹೆಂಗಸು ಅದನ್ನೇ ನೋಡುತ್ತಿದ್ದಳು. ಗೋಕ್ಕೋಕು, ಗೋಕ್ಕೋಕು ಅಂದಂತಾಯಿತು, ಮಂದವಾದ ಎಡಗಿವಿಯಲ್ಲೇ. ಇಲ್ಲ ಅಜ್ಜಿ ಅಂದುಕೊಂಡು, ಎಲ್ಲರಿಗೂ ಕಾಣುವ ಹಾಗೆ ತೋಳು ಚಾಚಿ, ಚೆನ್ನಾಗಿ ಕೆರೆದುಕೊಂಡೆ. ನನ್ನ ಪಾಲಿನದನ್ನೂ, ಅವಳ ಪಾಲಿನದನ್ನೂ.