ಮಂಜಿನೊಳಗೆ ಅವ್ವ ನಡೆದ ದಾರಿ

ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಇವತ್ತು ಮಗಳು ಫೋನಿನಲ್ಲಿ ನಕ್ಷೆ ತೆರೆದುಕೊಂಡು ಕೂತಿದ್ದಳು. ಗೋವಾಕ್ಕೆ ಹಳೆಯ ಎರಡು ಲೇನಿನ ರಸ್ತೆಯಲ್ಲೇ, ಖಾನಾಪುರದ ಕಾಡು ನೋಡುತ್ತ ಹೋಗಬೇಕೆಂದು ಅವಳ ಹಟ. ಅವಳ ಬೆರಳು ಕಣಕುಂಬಿಯ ಮೇಲೆ ನಿಂತಾಗ ನನ್ನ ಮೂಗಿಗೆ ಡೀಸೆಲ್ ಮತ್ತು ಹಸಿ ಕೊತ್ತಂಬರಿಯ ವಾಸನೆ ಬಂದಂತಾಯಿತು.

ನನ್ನ ಚಿಕ್ಕಂದಿನಲ್ಲಿ ಅಪ್ಪ ಬೆಳಗಾವಿಯಿಂದ ಗೋವಾಕ್ಕೆ ಟೆಂಪೋದಲ್ಲಿ ಕಾಯಿಪಲ್ಲೆ ಒಯ್ಯುತ್ತಿದ್ದರು. ಒಂದು ಮಳೆಗಾಲದಲ್ಲಿ ನಾನೂ ಅವ್ವನೂ ಜೊತೆಗೆ ಹೊರಟೆವು. ಕಣಕುಂಬಿ ದಾಟಿ ಘಾಟಿಗೆ ಬಂದಾಗ ಮಂಜು ಕವಿದು ರಸ್ತೆಯ ಅಂಚೇ ಕಾಣದಾಯಿತು. ನಿಂತರೆ ಹಿಂದಿನ ಲಾರಿ ಬಂದು ಗುದ್ದುವ ಭಯ. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ರಸ್ತೆ ಹುಡುಕುತ್ತಿದ್ದರು.

"ನೀವು ಸಾವಕಾಶ ಬರ್ರಿ, ನಾ ಮುಂದ ನಡೀತೇನಿ," ಎಂದು ಅವ್ವ ಇಳಿದಳು.

"ಬ್ಯಾಡ, ಕಾಲು ಜಾರೀತು," ಎಂದರು ಅಪ್ಪ.

ಅಷ್ಟರಲ್ಲಿ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿನಿಂದ ಡಾಂಬರಿನ ಅಂಚು ತಡವುತ್ತ, ಅಪ್ಪನ ಬಿಳಿ ಟವೆಲ್ ಬೀಸುತ್ತ ನಡೆಯತೊಡಗಿದ್ದಳು. ಟೆಂಪೋ ಅವಳ ಹಿಂದೆ ತೆವಳಿತು. ನಾನು ಆ ಟವೆಲನ್ನೇ ನೋಡುತ್ತಿದ್ದೆ.

ಒಂದು ತಿರುವಿನಲ್ಲಿ ಮಂಜು ಸರಿಯಿತು. ರಸ್ತೆಯ ಬದಿಗೇ ಆಳವಾದ ಕಣಿವೆ, ನಮಗಿಂತ ಕೆಳಗೆ ಮೋಡ, ಎದುರಿನ ಗುಡ್ಡದ ತುಂಬ ಬಿಳಿ ನೀರಿನ ಗೆರೆಗಳು. ಅವ್ವ ಪೂರ್ತಿ ತೊಯ್ದು ಕಣಿವೆಯ ಅಂಚಿನಲ್ಲಿ ನಿಂತಿದ್ದಳು. ದಿನಾ ನನಗೆ ರೊಟ್ಟಿ ಬಡಿದು ಹಾಕುವವಳು ಇವಳೇನಾ ಅನ್ನಿಸಿತು. ಅಪ್ಪ ಟೆಂಪೋ ಬದಿಗೆ ನಿಲ್ಲಿಸಿ, ಇಳಿದು ಹೋಗಿ ಅವಳ ಪಕ್ಕ ನಿಂತರು.

ಇವತ್ತು ಮೊಮ್ಮಗಳ ಜಡೆ ಹೆಣೆಯುತ್ತಿದ್ದ ಅವ್ವನನ್ನು ಕೇಳಿದೆ, "ಅವತ್ತು ನಿನಗ ಅಂಜಿಕಿ ಆಗಿರಲಿಲ್ಲೇನು?"

"ಆಗಿತ್ತಲ್ಲ. ಒಳಗ ಕುಂತಿದ್ರ ಇನ್ನೂ ಜಾಸ್ತಿ ಆಗತಿತ್ತು," ಎಂದಳು.