ಕಾಶವ್ವನ ಕೈಗೆ ಚೀನೀ ಸೂಜಿ

ಚೀನೀ ವೈದ್ಯ ಅಂದರೆ ಈಗಲೂ ನನಗೆ ವಾಕರಿಕೆ ಬರುತ್ತದೆ. ಅದರಲ್ಲಿ ವೈದ್ಯದ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಮಾತ್ರ ಕೇಳಬೇಡಿ. ಸಿಟ್ಟು ಬರುತ್ತದೆ.

ಕಾಶವ್ವ ಘಾಟ್ಕೋಪರಿನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯವಳು. ವಿಜಾಪುರದ ಕಡೆಯ ವಿಧವೆ. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿದು ಬದುಕುವವಳು. ಗೆರೆ ಎಳೆದುಕೊಳ್ಳದೆ, ಬರೀ ಕಣ್ಣಳತೆಯಲ್ಲಿ, ಅಂಚಿನಿಂದ ಅಂಚಿಗೆ ನೆಟ್ಟಗೆ ಹೊಲಿಯುವಳು. ಮುಂಬಯಿಗೆ ಬಂದು ಹನ್ನೆರಡು ವರ್ಷವಾದರೂ ಕನ್ನಡ ಬಿಟ್ಟು ಬೇರೆ ಮಾತು ಅವಳ ಬಾಯಿಗೆ ಹತ್ತಲಿಲ್ಲ. ಹತ್ತಿದ್ದು ಮಿಶ್ರಿ. ಹೊಗೆಸೊಪ್ಪು ಸುಟ್ಟು ಪುಡಿ ಮಾಡಿ, ಬಾಗಿಲ ಹಿಂದೆ ನಿಂತು ಹಲ್ಲಿಗೆ ತಿಕ್ಕಿಕೊಳ್ಳುವಳು. ಗಂಡಸರ ಮುಂದೆ ಅದರ ಸುದ್ದಿ ಎತ್ತುವಂತಿಲ್ಲ. ಇಡೀ ಚಾಳಿಗೆ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಎಪ್ಪತ್ತೈದನೇ ಇಸವಿಯಲ್ಲಿ ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದವು. ಹಿಡಿದ ಸೂಜಿ ಜಾರಿ ಬೀಳತೊಡಗಿತು. ಹೊಲಿಗೆ ನಿಂತರೆ ಅವಳ ಒಲೆ ಹೊತ್ತುವುದಿಲ್ಲ. ಆಗ ಪೇಪರಿನಲ್ಲೆಲ್ಲ ಅಕ್ಯುಪಂಕ್ಚರಿನ ಸುದ್ದಿ. ಫೋರ್ಟಿನಲ್ಲಿ ನಾನು ಕೆಲಸಕ್ಕಿದ್ದ ಬ್ಯಾಂಕಿನ ಮ್ಯಾನೇಜರು ಒಬ್ಬ ಡಾಕ್ಟರ ವಿಳಾಸ ಕೊಟ್ಟರು. ಅವರ ಗೆಳೆಯನಂತೆ, ಹಾಂಗ್‌ಕಾಂಗಿನಲ್ಲಿ ಕಲಿತವನಂತೆ. ನಾನು ದೊಡ್ಡ ತಿಳಿದವನ ಹಾಗೆ ಕಾಶವ್ವನಿಗೆ ಪಾಠ ಮಾಡಿದೆ.

"ಹಸದ ಹೊಟ್ಟಿಲೆ ಬರಬ್ಯಾಡ. ಎರಡೂ ಕೈಯಾಗಿನ ನಾಡಿ ನೋಡತಾರ, ನಾಲಗಿ ನೋಡತಾರ. ಕೂದಲಿನಂಥಾ ಸೂಜಿ, ಇರಿವಿ ಕಡದಂಗ ಆಕ್ಕೈತಿ ಅಷ್ಟ. ಅರ್ಧ ತಾಸು ಅಲುಗಾಡದ ಮಲಕೋಬೇಕು."

"ಸೂಜಿ ಅಂದ್ರ ನನಗೇನ ಹೆದರಿಕಿ, ಈರಣ್ಣಾ," ಅಂದಳು.

ಸ್ಟೇಷನ್ ಹತ್ತಿರದ ಬಿಲ್ಡಿಂಗಿನ ಎರಡನೇ ಮಾಳಿಗೆ. ಒಳಗೆ ಯಾವುದೋ ಎಲೆ ಸುಟ್ಟ ಹೊಗೆ, ಬೆವರಿನ ವಾಸನೆ, ಜಿಡ್ಡುಗಟ್ಟಿದ ದಿಂಬು. ಒಬ್ಬನ ಬೆನ್ನಿನಿಂದ ಕಿತ್ತ ಸೂಜಿಯನ್ನು ಡಾಕ್ಟರ್ ಹೆಗಲ ಮೇಲಿನ ಟವೆಲ್ಲಿಗೆ ಒರೆಸಿ ಇನ್ನೊಬ್ಬನ ಮೊಣಕಾಲಿಗೆ ಚುಚ್ಚಿದ. ಟವೆಲ್ಲಿನ ಮೇಲೆ ರಕ್ತದ ಚುಕ್ಕೆಗಳಿದ್ದವು. ನೋಡಿಯೂ ಕೂತೆ. ಮ್ಯಾನೇಜರ ಗೆಳೆಯ, ಎದ್ದು ಹೋಗುವುದು ಹೇಗೆ?

ನಾಡಿ ನೋಡಿ ಆಯಿತು. ಕಾಶವ್ವ ನಾಲಗೆ ಚಾಚಿದಳು. ಕಪ್ಪಗಿತ್ತು. ಡಾಕ್ಟರ್ ಹೌಹಾರಿ, ಕಿಡ್ನಿ ಕೆಟ್ಟಿದೆ, ಕೈಯ ಜೋಮಿಗೂ ಅದೇ ಮೂಲ, ಪಾದಕ್ಕೆ ಚುಚ್ಚಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದ. ಬಾಯಿಗೆ ಏನಾದರೂ ಹಾಕಿದ್ದಾಳಾ ಕೇಳು ಎಂದ. ಕೇಳಿದೆ. ಅವಳು ಸೆರಗು ಬಾಯಿಗೊತ್ತಿ, "ಏನೂ ಇಲ್ಲ," ಅಂದಳು. ನನಗೆ ಗೊತ್ತಿತ್ತು. ಸುತ್ತ ಕೂತಿದ್ದ ಟೈ ಕಟ್ಟಿದ ಪೇಷಂಟುಗಳ ನಡುವೆ ಮಿಶ್ರಿಯ ಹೆಸರೆತ್ತಿದರೆ ನನ್ನ ಮರ್ಯಾದೆ ಏನಾದೀತು ಎಂದು ನಾನೂ "ನಥಿಂಗ್" ಅಂದೆ. ಆ ಟವೆಲ್ಲಿಗಿಂತ ಹೊಲಸು ನನ್ನ ಆ ಮಾತು.

ಆರು ವಾರ, ಸೋಮವಾರ ಶನಿವಾರ ಎರಡೂ ದಿನ, ಪಾದಕ್ಕೆ ಚುಚ್ಚಿದ. ನಾಚಿಕೆಯಿಂದ ಕಾಶವ್ವ ಮೊದಲ ದಿನವೇ ಮಿಶ್ರಿ ಬಿಟ್ಟಿದ್ದಳು, ನಾಲಗೆಯ ಕಪ್ಪು ಹೋಯಿತು. ಕೈ ಹಾಗೇ ಇತ್ತು. ಎಡಪಾದ ಕೀವು ತುಂಬಿ ಬಾತಿತ್ತು.

ಆರನೆಯ ಶನಿವಾರ ಮ್ಯಾನೇಜರು ತಮ್ಮ ಹೆಂಡತಿಯನ್ನು ಕರೆತಂದಿದ್ದರು. ಹೊಸ ಪೇಷಂಟುಗಳ ಎದುರು ಡಾಕ್ಟರ್ ಕಾಶವ್ವನನ್ನು ನಿಲ್ಲಿಸಿ, ದನದ ದಲ್ಲಾಳಿ ಎತ್ತಿನ ಹಲ್ಲು ತೋರಿಸುವ ಹಾಗೆ ಬಾಯಿ ತೆರೆಸಿದ. ಕಿಡ್ನಿ ಗುಣವಾಯಿತು ನೋಡಿ ಎಂದ. ಎಲ್ಲರೂ ಬಗ್ಗಿ ಬಗ್ಗಿ ಆ ಬಾಯೊಳಗೆ ಇಣುಕಿದರು. ಥೂ!

ಕಾಶವ್ವ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದಳು. "ಈರಣ್ಣಾ, ನಾಚಿಕಿ ಬಿಟ್ಟು ಹೇಳತೀನಿ. ನಾ ಮಿಶ್ರಿ ತಿಕ್ಕತಿದ್ದೆ, ಅದಕ್ಕ ನಾಲಗಿ ಕರಿ ಇತ್ತು. ಕಿಡ್ನಿ ಗಿಡ್ನಿ ಏನಿಲ್ಲ. ಕೈಗೆ ಏನಾರ ಮಾಡ್ರಿ ಅಂತ ಹೇಳಪ್ಪಾ ಅವರಿಗೆ."

"ಏನಂತೆ?" ಕನ್ನಡ ಬಾರದ ಮ್ಯಾನೇಜರು ನನ್ನನ್ನು ಕೇಳಿದರು.

"ಬಹಳ ಆರಾಮವಾಗಿದೆಯಂತೆ, ಸರ್."

ಎಲ್ಲರ ಮುಖ ಅರಳಿತು. ಮ್ಯಾನೇಜರ ಹೆಂಡತಿ ಚಪ್ಪಲಿ ಕಳಚಿ ಹೋಗಿ ಮಲಗಿದರು.

ಕಾಶವ್ವ ಗೋಡೆ ಹಿಡಿದು ಕುಂಟುತ್ತ ಮೆಟ್ಟಿಲಿಳಿದಳು. "ಹೇಳಿದಿಲ್ಲೋ?" ಎಂದು ಕೇಳಿದಳು.

"ಹೇಳಿದೆನವ್ವಾ."

"ಏನಂದ್ರು?"

"ಇನ್ನೂ ಒಂದಿಷ್ಟು ದಿನ ಪಾದಕ್ಕ ಹಾಕತಾರಂತ."

ಅವಳು ಗೋಡೆ ಬಿಟ್ಟು ನನ್ನ ತೋಳು ಹಿಡಿದಳು. "ಎಲ್ಲಾ ಕೇಳಿದ ಮ್ಯಾಲೂ ಪಾದಕ್ಕ ಅಂತಾರಂದ್ರ, ಅವರಿಗೆ ಏನೋ ತಿಳದಿರಬೇಕು ಬಿಡು. ಸೋಮವಾರ ಬರೂಣು."