ಯಾರೂ ಸಹಿ ಹಾಕದ ಅರ್ಜಿ

ನಮ್ಮ ಕ್ಲೀವ್‌ಲ್ಯಾಂಡಿನ ಬೀದಿಯಲ್ಲಿ, 1952ರಲ್ಲಿ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ವಿಧವೆ ಹೆಡ್ವಿಗ್ ಸೋಬೆಕ್ ಮನೆಮನೆಗೂ ಬಂದರು. ಲಾರಿಗಳು ನುಗ್ಗುವ ಶಾಲೆಯ ತಿರುವಿಗೆ ಸಿಗ್ನಲ್ ದೀಪ ಬೇಕೆಂಬ ಅರ್ಜಿಗೆ ಸಹಿ ಕೇಳಿದರು. ಒಬ್ಬರೂ ಹಾಕಲಿಲ್ಲ; ಕಮ್ಯುನಿಸ್ಟ್ ಎಂಬ ಗುಮಾನಿಯೊಂದೇ ಸಾಕು, ಅಮೆರಿಕದಲ್ಲಿ ಕೆಲಸ ಹೋಗುವ ಕಾಲ.

"ನಾಳೆ ಯಾರೋ ಬಂದು, ಈ ಪಟ್ಟೀಲಿ ನಿನ್ನ ಹೆಸರ್ಯಾಕಿದೆ ಅಂದ್ರೆ? ಗಂಡನ ಕೆಲಸಾನೇ ಹೋಗುತ್ತೆ," ಎಂದೆ ನಾನು.

"ಅಯ್ಯೋ ತಾಯಿ, ದೀಪ ಕೇಳಿದೋರೂ ಕಮ್ಯುನಿಸ್ಟರಾ? ಕೆಂಪು ಬೇಡ ಬಿಡಿ, ಬರೀ ಹಸಿರೇ ಹಾಕ್ಸೋಣ!" ಎಂದು ಹೆಡ್ವಿಗ್ ಚುಚ್ಚಿದರು.

ಅವರದೊಂದೇ ಸಹಿಯಿದ್ದ ಅರ್ಜಿಯನ್ನು ನಗರಸಭೆ ತಿರಸ್ಕರಿಸಿತು. ಅಂದಿನಿಂದ ಹೆಡ್ವಿಗ್ ಕೆಲಸಕ್ಕೆ ಹೋಗುವ ಮುನ್ನ ತಾವೇ ಕೈ ಅಡ್ಡ ಹಿಡಿದು ಲಾರಿಗಳನ್ನು ನಿಲ್ಲಿಸುತ್ತಾರೆ. ನನ್ನ ಮಗಳು ಅವರ ಕೈ ಹಿಡಿದೇ ರಸ್ತೆ ದಾಟುತ್ತಾಳೆ. ಕಿಟಕಿಯಲ್ಲಿ ನಿಂತ ನಾನು, ಮಗು ಕ್ಷೇಮವಾಗಿ ದಾಟಿತೇ ಎನ್ನುವುದಕ್ಕಿಂತ ಮೊದಲು, ಅವಳು ಯಾರ ಕೈ ಹಿಡಿದಳೆಂದು ಯಾರಾದರೂ ನೋಡಿದರೇ ಎಂದು ಹುಡುಕುತ್ತೇನೆ. ಥೂ!